ರತ್ನಕ್ಕ ನೋಡದ ಜೈಸಲ್ಮೇರ್

ರಾಜಸ್ಥಾನಕ್ಕೆ ಒಂಬತ್ತು ಸಲ ಹೋಗಿಬಂದು ಒಂದು ಕೋಟೆಯ ಒಳಗೂ ಕಾಲಿಡದವರು ಯಾರಾದರೂ ಇದ್ದರೆ, ಅದು ಕ್ಯಾಸಂಬಳ್ಳಿಯ ವೆಂಕಟರತ್ನಮ್ಮ. ನಮಗೆಲ್ಲ ರತ್ನಕ್ಕ. ಗಂಡ ಹೋದಮೇಲೆ ಮದುವೆ ಮನೆಗಳಲ್ಲಿ ಸೌಟು ಹಿಡಿದವಳು ಇವತ್ತಿಗೂ ಕೆಳಗಿಟ್ಟಿಲ್ಲ. ನಾನು ಸುಧಾಕರ್, ಬಂಗಾರಪೇಟೆಯಿಂದ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಜನರನ್ನು ರಾಜಸ್ಥಾನ ತೋರಿಸಲು ಕರೆದೊಯ್ಯುವವನು. ನಮ್ಮ ಕಡೆಯವರಿಗೆ ಅರಮನೆ ಎಷ್ಟೇ ಚೆನ್ನಾಗಿರಲಿ, ಮಧ್ಯಾಹ್ನಕ್ಕೆ ಮುದ್ದೆ ಇಲ್ಲದಿದ್ದರೆ ಮುಖ ಗಂಟಿಕ್ಕುತ್ತದೆ. ಅದಕ್ಕೇ ರಾಗಿಹಿಟ್ಟಿನ ಮೂಟೆಯ ಜೊತೆ ರತ್ನಕ್ಕನೂ ಬರಬೇಕು. ಜನ ಕೋಟೆ ಹತ್ತುವಾಗ ಅವಳು ಛತ್ರದ ಹಿಂದೆ ಮುದ್ದೆ ಕಟ್ಟುತ್ತಿರುತ್ತಾಳೆ.

ಹಾಗಂತ ಅವಳಿಗೇನೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ನಾನು ಮೈಕ್ ಹಿಡಿದು ಒದರುವುದನ್ನೆಲ್ಲ ಹಿಂದಿನ ಸೀಟಿನಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿಸಿಕೊಂಡವಳು. ಒಮ್ಮೆ ನಾನು ಬಾಯಿ ತಪ್ಪಿ, ಮೆಹ್ರಾನ್‌ಗಢ ಕಟ್ಟಿಸಿದ್ದು ಜೈಪುರದ ರಾಜ ಎಂದುಬಿಟ್ಟೆ.

"ಅಯ್ಯೋ ನಿನ್ನ! ರಾವ್ ಜೋಧ ಕಣೋ. ಅದುಕ್ಕೇ ಅಲ್ವಾ ಜೋಧಪುರ ಅನ್ನೋದು?" ಎಂದು ಹಿಂದಿನಿಂದ ಕೂಗಿದಳು. ಇಡೀ ಬಸ್ಸು ನಕ್ಕಿತು, ನನ್ನ ಮಾನ ಹೋಯಿತು.

ಅವಳ ಆಸೆಯೆಲ್ಲ ಜೈಸಲ್ಮೇರ್. ಎಂಟುನೂರು ವರ್ಷ ದಾಟಿದ ಆ ಹಳದಿ ಕಲ್ಲಿನ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ ಎಂದು ನಾನು ಹೇಳಿದ್ದೇ ತಪ್ಪಾಯಿತು.

"ಆ ಕೋಟೆ ಒಳ್ಗೆ ಎಂಗಸ್ರು ಬಟ್ಟೆ ಎಲ್ಲಿ ಒಣಾಕ್ತಾರೆ, ಒಲೆ ಎಲ್ಲಿ ಅಚ್ತಾರೆ, ಅದೊಂದ್ ನೋಡ್ಬೇಕು ಕಣೋ ಸುಧಾಕರ. ಆಮೇಲೆ ನಿನ್ ರಾಜಸ್ಥಾನ ಯಾರ್ಗ್ ಬೇಕು!"

ಪ್ರತಿ ವರ್ಷ ಮುಂದಿನ ಸಲ, ಮುಂದಿನ ಸಲ ಅನ್ನುತ್ತಾ ಬಂದೆ. ಹೋದ ಮಾಘದ ಯಾತ್ರೆಗೆ ಅವಳು ಸಹಾಯಕ್ಕೆಂದು ಶಶಿರೇಖಳನ್ನು ಕರೆತಂದಳು. ತನ್ನ ಸತ್ತುಹೋದ ಅಕ್ಕನ ಮಗಳು, ರತ್ನಕ್ಕನೇ ಸಾಕಿ, ಅಡುಗೆ ಕಲಿಸಿ, ಮದುವೆ ಮಾಡಿಕೊಟ್ಟ ಹುಡುಗಿ. ಒಬ್ಬರು ಒಲೆ ನೋಡಿಕೊಂಡರೆ ಇನ್ನೊಬ್ಬರು ಊರು ನೋಡುವುದು ಎಂದು ಮಾತಾಯಿತು. ಜೈಪುರ, ಜೋಧಪುರ ಎರಡನ್ನೂ ಶಶಿರೇಖಳಿಗೇ ಬಿಟ್ಟುಕೊಟ್ಟಳು. ಜೈಸಲ್ಮೇರ್ ಮಾತ್ರ ತನ್ನದು ಎಂದಳು. ಆ ದಿನ ಬೆಳಕು ಹರಿಯುವ ಮೊದಲೇ ತಿಂಡಿ ಮುಗಿಸಿ, ಮಧ್ಯಾಹ್ನದ ಸಾರಿಗೂ ಒಗ್ಗರಣೆ ಹಾಕಿಟ್ಟು, ಹಸಿರು ರೇಷ್ಮೆ ಸೀರೆ ಉಟ್ಟುಕೊಂಡಿದ್ದಳು.

ಆದರೆ ಬಸ್ ಹೊರಡುವಾಗ ಹತ್ತಿದ್ದು ಶಶಿರೇಖ.

"ಚಿಕ್ಕಮ್ಮಂಗೆ ಜ್ವರ ಅಣ್ಣ, ಮಲ್ಗವ್ರೆ. ನೀನೇ ಓಗು ಅಂದ್ರು."

"ಅಯ್ಯೋ ಪಾಪ" ಎಂದೆ, ಮೈಕ್ ಎತ್ತಿಕೊಂಡೆ. ದಾರಿಯಲ್ಲಿ ರತ್ನಕ್ಕನ ಫೋನ್ ಎರಡು ಸಲ ಬಂತು. ಎತ್ತಲಿಲ್ಲ. ಮಾತ್ರೆ ಗೀತ್ರೆ ಕೇಳಲಿಕ್ಕಿರಬೇಕು, ಆಮೇಲೆ ಮಾಡೋಣ ಎಂದುಕೊಂಡೆ. ಮರೆತೇಬಿಟ್ಟೆ.

ಅಲ್ಲಿ ಆಗಿದ್ದೇ ಬೇರೆ. ನಮ್ಮ ಬಸ್ಸಿನಲ್ಲೇ ಬಂದಿದ್ದ, ಛತ್ರದ ಮೇಲಿನ ಕೋಣೆಯ ಮುನಿನಾರಾಯಣಪ್ಪನವರಿಗೆ ಜ್ವರ, ಗಂಜಿ ಬೇಕಂತೆ, ಬಸ್ಸು ಅರ್ಧ ಗಂಟೆ ಕಾಯುತ್ತದಂತೆ ಎಂದು ಶಶಿರೇಖ ಅವಳಿಗೆ ಹೇಳಿದ್ದಳು. ಹುಷಾರಿಲ್ಲದವರು ಎಂದರೆ ರತ್ನಕ್ಕ ಏನಿದ್ದರೂ ಬಿಟ್ಟು ಓಡುತ್ತಾಳೆ. ಅದು ಆ ಹುಡುಗಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು! ರೇಷ್ಮೆ ಸೀರೆ ಎತ್ತಿ ಕಟ್ಟಿ ಗಂಜಿ ಕಾಯಿಸಿ ಮೆಟ್ಟಿಲು ಹತ್ತಿದರೆ, ಕೋಣೆಗೆ ಬೀಗ. ಇಳಿದು ಬಂದರೆ ಬಸ್ಸೂ ಇಲ್ಲ.

ಸಂಜೆ ನಾವು ಬಂದಾಗ ಹಳೆಯ ಸೀರೆಯಲ್ಲಿ ಒಲೆಯ ಮುಂದೆ ಕೂತಿದ್ದಳು. "ಜ್ವರ ಇಳೀತೇನಮ್ಮಾ?" ಎಂದು ಮುನಿನಾರಾಯಣಪ್ಪನವರೇ ವಿಚಾರಿಸಿದರು.

"ನನ್ಗಾ? ನಿಮ್ಗೆ ಅಂದ್ಳಲ್ಲ ಇವ್ಳು!"

ಎಲ್ಲರೂ ಶಶಿರೇಖಳ ಕಡೆ ತಿರುಗಿದರು. "ನೀವಾದ್ರೆ ಮುಂದಿನ್ ವರ್ಸಾನೂ ಬತ್ತೀರ ಚಿಕ್ಕಮ್ಮ. ನಮ್ ಅತ್ತೆ ನನ್ನ ಇನ್ನೊಂದ್ಸಲ ಕಳ್ಸಲ್ಲ."

"ಕೇಳಿದ್ರೆ ಕೊಡ್ತಿದ್ದೆ ಕಣೇ! ನನ್ ಕೈ ತುತ್ತು ತಿಂದ್ ಬೆಳ್ದೋಳು, ಬಾಯ್ಬಿಟ್ ಕೇಳೋಕೇನಾಗಿತ್ತು?" ಎಂದು ರತ್ನಕ್ಕ ಒಲೆಯ ಕಡೆ ತಿರುಗಿ ಕೂತಳು. ಆ ದಿನ ಯಾರಿಗೂ ಊಟ ಸೇರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಶಶಿರೇಖಳಿಗೆ ಬಾಯಿಗೆ ಬಂದಂತೆ ಬೈದೆ. ಬೆಳಿಗ್ಗೆ ಎದ್ದವನೇ ರತ್ನಕ್ಕನ ಹತ್ತಿರ ಹೋಗಿ, "ಏಳಕ್ಕ, ಬಸ್ಸು ಮಧ್ಯಾಹ್ನ ಒರಡ್ಲಿ. ನಾನೇ ನಿನ್ನ ಕೋಟೆ ಒಳ್ಗೆ ಕರ್ಕಂಡ್ ಓಗ್ತೀನಿ" ಎಂದೆ. ಖುಷಿಪಡುತ್ತಾಳೆ ಎಂದೇ ನಂಬಿದ್ದೆ.

"ಬ್ಯಾಡ" ಎಂದು ಪಾತ್ರೆ ಉಜ್ಜುತ್ತಲೇ ಇದ್ದಳು.

"ಅವ್ಳು ಮಾಡಿದ್ ಮೋಸುಕ್ಕೆ ನನ್ ಮೇಲ್ಯಾಕಕ್ಕ ಕೋಪ?"

ಪಾತ್ರೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು.

"ಒಂಬತ್ ವರ್ಸದಿಂದ ನಿನ್ ಬಸ್ಸಲ್ಲಿ ಯಾರ್ ಮೈ ಬೆಚ್ಚಗಾದ್ರೂ ಗಂಜಿ ತಕಂಡ್ ಓಡಿದ್ದೀನಿ. ಅವ್ಳೇನೋ ಸುಳ್ಳು ಏಳಿದ್ಳು, ಬಿಡು. ಆದ್ರೆ ನೀನು ಅದ್ನ ನಿಜ ಅಂತ್ಲೇ ನಂಬಿದ್ದೆ ಅಲ್ವೇನೋ? ರತ್ನಕ್ಕಂಗೆ ಜ್ವರ ಅಂತ ನಂಬ್ದೋನು, ಬಾಗ್ಲತ್ರ ಬಂದು ಒಂದ್ಸಲ ಇಣ್ಕಿ ನೋಡ್ಲಿಲ್ವಲ್ಲೋ ಸುಧಾಕರ."