ರೋಬೋಟಿಗೆ ಕೊಟ್ಟ ದನಿ

ಹರಿಹರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತೇನೆ. ರೋಗಿಗಳಿಗೆ ಊಟದ ತಟ್ಟೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಎರಡು ವರ್ಷದ ಹಿಂದೆ ಅದೇ ಕೆಲಸಕ್ಕೆಂದು ಒಂದು ರೋಬೋಟ್ ಬಂತು. ನನ್ನ ಎದೆಯೆತ್ತರ, ಮೂರು ಖಾನೆ, ಕೆಳಗೆ ಗಾಲಿ. ಇನ್ನು ನನ್ನ ಕೆಲಸ ಹೋಯಿತು ಎಂದುಕೊಂಡು ಆ ದಿನ ನನಗೇ ಊಟ ಸೇರಲಿಲ್ಲ. ಮ್ಯಾನೇಜರು ಕರೆದು, "ಅದು ಮಂಚದ ತನಕ ತರತೈತೆ, ಅಷ್ಟೆ. ಎಬ್ಬಿಸಿ ಉಣ್ಣಿಸಾಕೆ ನೀವೇ ಬೇಕು" ಅಂದರು. ಆ ಮಾತು ನಿಜವೆಂದು ನಂಬಲು ಕೆಲವು ವಾರ ಹಿಡಿಯಿತು.

ರೋಬೋಟ್ ಪುಸ್ತಕದ ಕನ್ನಡ ಮಾತಾಡುತ್ತಿತ್ತು. "ದಯವಿಟ್ಟು ತಮ್ಮ ಆಹಾರವನ್ನು ಸ್ವೀಕರಿಸಿ" ಎಂದು ಒಂದೇ ಸಮನೆ ಹೇಳುತ್ತಿತ್ತು. ಮೊಣಕಾಲಿನ ಆಪರೇಷನ್ ಆಗಿದ್ದ, ಬಟ್ಟೆ ಅಂಗಡಿಯ ಸಾಹೇಬರೊಬ್ಬರು ಗೋಡೆ ಕಡೆ ಮುಖ ತಿರುಗಿಸಿಬಿಟ್ಟರು.

"ಕೋರ್ಟ್ ನೋಟಿಸ್ ಓದಿದಂಗೆ ಐತಲ್ಲಮ್ಮ ಇದು. ನನಗೆ ಊಟ ಬ್ಯಾಡ."

ನಾನು ಅದರ ಹಿಂದೆಯೇ ಬಂದಿದ್ದೆ. "ಚಾಚಾ, ಅನ್ನ ಬಿಸಿ ಐತೆ. ಆರೋದ್ರೊಳಗೆ ಎರಡು ತುತ್ತು ಉಣ್ರಿ" ಅಂದೆ. ಸಾಹೇಬರು ಎದ್ದು ಕೂತರು.

ರೋಬೋಟಿನ ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಹುಡುಗಿ ಇದನ್ನು ನೋಡಿದಳು. ಮರುದಿನ ನನ್ನನ್ನು ಬೆಡ್‌ಶೀಟ್ ಇಡುವ ಕೋಣೆಗೆ ಕರೆದೊಯ್ದಳು. ಅಲ್ಲಿ ಹೊರಗಿನ ಸದ್ದು ಕಡಿಮೆ. "ಅಕ್ಕಾ, ಅವ್ರಿಗೆ ಹೇಳ್ದಂಗೇ ಹೇಳ್ರಿ. ನಿಮ್ ದನೀನೇ ಇದಕ್ಕೆ ಹಾಕ್ತೀನಿ" ಎಂದು ಮೈಕು ಹಿಡಿದಳು. ಎದುರಿಗೆ ರೋಗಿ ಇಲ್ಲದೆ ನನಗೆ ಮಾತೇ ಬರಲಿಲ್ಲ. ಕೊನೆಗೆ ಅವಳೇ ಬೆಡ್‌ಶೀಟ್ ರಾಶಿಯ ಮೇಲೆ ಮಲಗಿ ಒಮ್ಮೆ ನರಳಿದಳು. ನಗು ತಡೆದುಕೊಂಡು ಏಳೆಂಟು ಮಾತು ಹೇಳಿದೆ.

ಆಮೇಲೆ ಜನ ರೋಬೋಟಿಗೆ "ಆತವ್ವ", "ಹ್ಞೂಂ, ಉಣ್ತೀನಿ" ಎಂದು ಉತ್ತರ ಕೊಡತೊಡಗಿದರು. ಸಾಹೇಬರು ಮನೆಗೆ ಹೊರಟಾಗ ಅದರ ತಲೆ ಸವರಿ ಹೋದರು.

ಹೋದ ವರ್ಷ ನನ್ನ ಅತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ನಮ್ಮ ಆಸ್ಪತ್ರೆಯಲ್ಲೇ ಆಯಿತು. ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದರೂ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ಮರುದಿನ ಬೆಳಿಗ್ಗೆ ನಾನು ಎಷ್ಟು ಹೇಳಿದರೂ ಅತ್ತೆ ಗಂಜಿ ಮುಟ್ಟಿರಲಿಲ್ಲ. ಮಧ್ಯಾಹ್ನ ಬೇರೆ ಮಹಡಿಯ ಕೆಲಸ ಮುಗಿಸಿ ಬಂದು ನೋಡಿದರೆ ಬಟ್ಟಲು ಖಾಲಿ.

"ಯಾರು ಕುಡಿಸಿದ್ರು?" ಅಂದೆ.

"ಅದೇ, ನಿನ್ ದನಿ ಇಟ್ಕಂಡು ಬಂದಿತ್ತಲ್ಲ. ನಿಧಾನ ಕುಡೀರಿ ಅಂತು. ಬ್ಯಾಡ ಅನ್ನಾಕೆ ಆಗ್ಲಿಲ್ಲ." ಅತ್ತೆ ಖಾಲಿ ಬಟ್ಟಲನ್ನು ನನ್ನ ಕಡೆ ಸರಿಸಿದರು. "ಮನ್ಯಾಗ ಹಿಂಗೆ ಮೆತ್ತಗೆ ಮಾತಾಡಲ್ಲ ನೀನು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ಮನ್ಯಾಗ ನೀವೂ ಹಿಂಗೆ ಹೇಳಿದ್ ಕೂಡ್ಲೇ ಕುಡಿಯಲ್ಲ ಅತ್ತೆ" ಅಂದೆ. ಅತ್ತೆ ನಕ್ಕರು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಒತ್ತಿ ಹಿಡಿದುಕೊಂಡು ಇನ್ನೂ ನಕ್ಕರು. ನಾನು ಮಂಚದ ಅಂಚಿನಲ್ಲಿ ಕೂತೆ. ಅವರ ಹತ್ತಿರ ಹಾಗೆ ಕೂತದ್ದು ಅದೇ ಮೊದಲು.

ಈಗ ಸಂಜೆ ಮನೆಗೆ ಬಂದರೆ ಅತ್ತೆ ವಾರ್ಡಿನ ಸುದ್ದಿ ಕೇಳುತ್ತಾರೆ: ಯಾರಿಗೆ ಏನಾಗಿತ್ತು, ಯಾರು ಊಟ ಬಿಟ್ಟರು. ನಾನು ರೊಟ್ಟಿ ಬಡಿಯುತ್ತ ಹೇಳುತ್ತೇನೆ, ಅವರು ಬೇಯಿಸುತ್ತ ಕೇಳುತ್ತಾರೆ. ಮೊನ್ನೆ ಮಾತಿನ ಭರದಲ್ಲಿ ಎರಡು ರೊಟ್ಟಿ ಸೀದುಹೋದವು. ಕರಿ ಭಾಗ ಚಿವುಟಿ ತೆಗೆದು ನಾವಿಬ್ಬರೇ ತಿಂದೆವು.