ಪಾಳಣಾಕ್ಕೆ ಹೊಲಿಸಿದ ಪ್ಯಾಂಟು

ನನ್ನ ಟ್ರಂಕಿನ ತಳದಲ್ಲಿ ನಮ್ಮ ಯಜಮಾನರ ಒಂದು ಪ್ಯಾಂಟು ಇದೆ. ಬೂದು ಬಣ್ಣದ್ದು, ಟೆರಿಕಾಟ್ ಬಟ್ಟೆ. ಅದನ್ನು ಅವರು ಹಾಕಿಕೊಂಡದ್ದು ಒಂದೇ ಸಲ, ಅದೂ ಅರ್ಧ ತಾಸು. ನೋಡಿದವರು ಇಷ್ಟು ವರ್ಷ ಇದನ್ಯಾಕೆ ಇಟ್ಟುಕೊಂಡಿದ್ದೀರಿ, ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಾರೆ. ಕೊಡುವುದಿಲ್ಲ. ನನ್ನ ಹಟ ಎಂಥದ್ದು ಅಂತ ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ಈಗ ಇಲ್ಲ.

ನಾವಿದ್ದದ್ದು ಮಹಾರಾಷ್ಟ್ರದ ಗಡಿಗೆ ಹತ್ತಿದ ಬೋರಗಾಂವದಲ್ಲಿ. ನಾನು ಅಲ್ಲಿಯ ಕನ್ನಡ ಸಾಲೆಯಲ್ಲಿ ಟೀಚರು, ಅವರು ಪಾವರ್‌ಲೂಮು ರಿಪೇರಿ ಮಾಡುವ ಫಿಟರ್. ನಾನು ಅಥಣಿ ಕಡೆಯವಳು, ಕನ್ನಡ ಬಿಟ್ಟರೆ ಬೇರೆ ಓದಲು ಬಾರದು. ಅವರು ಕಲಿತದ್ದು ಮರಾಠಿ ಸಾಲೆ, ಕನ್ನಡದ ಬೋರ್ಡು ಕಂಡರೆ ನನ್ನ ಮುಖ ನೋಡುತ್ತಿದ್ದರು. ಮನೆಯಲ್ಲಿ ಮಾತು ಮಾತ್ರ ಎರಡೂ ಕಲೆಸಿ. ಕಾಗದ ಬರೆಯುವುದು ಬಂತೆಂದರೆ ಅಥಣಿ, ಧಾರವಾಡದ ಕಡೆಯದು ನನ್ನ ಪಾಲು, ಕೊಲ್ಲಾಪುರ, ಮುಂಬಯಿಯದು ಅವರ ಪಾಲು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಮನೆಯ ಅನಾಹುತ ಒಂದು ಪೋಸ್ಟ್ ಕಾರ್ಡಿನಿಂದ ಆಯಿತು.

ತೊಂಬತ್ತರ ದಶಕದ ಮೊದಮೊದಲ ದಿನಗಳು. ಮದುವೆಯಾಗಿ ಎಂಟು ವರ್ಷವಾಗಿತ್ತು. ಎರಡು ಸಲ ಬಸಿರು ನಿಂತು ಎರಡು ಸಲ ಹೋಯಿತು, ಎರಡನೆಯದು ಐದು ತಿಂಗಳಿನದು. ಆಮೇಲೆ ನಿಲ್ಲಲೇ ಇಲ್ಲ. ನನ್ನ ಅತ್ತೆ ಬಾಯಿಬಿಟ್ಟು ಬೈದವರಲ್ಲ, ಅದೇ ಕಷ್ಟ. ಬೈದರೆ ತಿರುಗಿ ಬೈಯಬಹುದು. ಅವರು ನನ್ನ ತಾಟಿಗೆ ರೊಟ್ಟಿ ಹಾಕಿ, ಒಂದು ಮಾತಾಡದೆ, ಆ ಕಡೆ ಮುಖ ಮಾಡಿ ಕೂಡುತ್ತಿದ್ದರು. ಎಂಟು ವರ್ಷ ನಾನು ಅವರ ಬೆನ್ನನ್ನು ನೋಡುತ್ತ ಉಂಡೆ.

ಒಂದು ಸಂಜೆ ಯಜಮಾನರು ಭಡಂಗ ತಂದರು. ಚುರುಮುರಿ ತಿಂದು ಮುಗಿದ ಮೇಲೆ ಕಟ್ಟಿದ್ದ ಮರಾಠಿ ಪೇಪರನ್ನು ಮೊಣಕಾಲ ಮೇಲೆ ಇಟ್ಟು ತೀಡತೊಡಗಿದರು. ಅದರಲ್ಲಿ ಮುಂಬಯಿ ಹತ್ತಿರದ ಒಂದು ದೊಡ್ಡ ಆಟದ ಪಾರ್ಕಿನ ಜಾಹೀರಾತು ಇತ್ತು. ಲಾಂಚಿನಲ್ಲಿ ಸಮುದ್ರದ ಖಾಡಿ ದಾಟಿ ಹೋಗಬೇಕಂತೆ. ನಡುವೆ ಮುಗಿಲಿಗೆ ಮುಟ್ಟುವಂಥ ಪಾಳಣಾ. ನಮ್ಮ ಕಡೆ ಜನರನ್ನು ಕೂರಿಸಿಕೊಂಡು ಮೇಲೆ ಕೆಳಗೆ ತಿರುಗುವ ಚಕ್ರಕ್ಕೆ ಪಾಳಣಾ ಅಂತಾರೆ. ಕೂಸನ್ನು ಮಲಗಿಸುವ ತೊಟ್ಟಿಲಿಗೂ ಅದೇ ಮಾತು.

ಮೇ ತಿಂಗಳ ಸೂಟಿಯಲ್ಲಿ ಇಬ್ಬರೇ ಹೋಗೋಣ ಅಂದರು. ನನಗೆ ನಗು ಬಂತು. ನಮ್ಮ ಓಣಿಯಲ್ಲಿ ಗಂಡ ಹೆಂಡತಿ ಜೋಡಿಯಾಗಿ ಊರು ಬಿಟ್ಟರೆಂದರೆ ಒಂದೋ ದೇವರಿಗೆ, ಇಲ್ಲವೋ ಮಿರಜಿನ ದವಾಖಾನೆಗೆ. ಸುಮ್ಮನೆ ಆಡಿ ಬರಲು ಹೋದವರನ್ನು ನಾನಂತೂ ಕಂಡಿರಲಿಲ್ಲ. ಆದರೆ ಅವರು ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ. ಪೇಪರಿನ ತುಂಡನ್ನು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಂಡರು. ಏಳು ಗಂಟೆಯ ಇಚಲಕರಂಜಿ ಎಸ್‌ಟಿ ಬಸ್ಸು, ಅಲ್ಲಿಂದ ಕೊಲ್ಲಾಪುರ, ಅಲ್ಲಿಂದ ರೈಲು, ಮುಂಬಯಿಯಲ್ಲಿ ಅವರ ಸೋದರಮಾವನ ಚಾಳು. ದಿನಾ ಊಟಕ್ಕೆ ಕೂತಾಗ ಇದನ್ನೇ ಒಪ್ಪಿಸುತ್ತಿದ್ದರು. ನಾನೂ ನಿಧಾನಕ್ಕೆ ಆ ಹುಚ್ಚಿಗೆ ಬಿದ್ದೆ. ದಾರಿಗೆ ಎಷ್ಟು ದಶಮಿ ರೊಟ್ಟಿ ಕಟ್ಟಬೇಕು, ಗಾಳಿಗೆ ಸೆರಗು ಹಾರದ ಹಾಗೆ ಎಷ್ಟು ಪಿನ್ನು ಬೇಕು ಅಂತ ಲೆಕ್ಕ ಹಾಕತೊಡಗಿದೆ.

ಅವರಿಗೆ ಎತ್ತರ ಅಂದರೆ ಆಗುತ್ತಿರಲಿಲ್ಲ. ಮಾಳಿಗೆ ಏರಿದರೂ ಗೋಡೆ ಹಿಡಿಯುವ ಮನುಷ್ಯ. ಅದಕ್ಕೆ ಊರ ನೀರಿನ ಟಾಕಿಯ ಏಣಿ ಏರಿ ರೂಢಿ ಮಾಡಿಕೊಳ್ಳಲು ಶುರುಮಾಡಿದರು. ಭಾನುವಾರಕ್ಕೆ ಎರಡೆರಡು ಮೆಟ್ಟಿಲು ಹೆಚ್ಚು. ಕೆಳಗೆ ನಾನು ಕಾವಲು. ಒಂದು ದಿನ ಇಳಿದು ಬಂದಾಗ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಇಷ್ಟು ಅಂಜಿಕೆ ಇಟ್ಟುಕೊಂಡು ಯಾಕ್ರೀ ಬೇಕು ಇದು ಅಂತ ಕಾಡಿಸಿದೆ. ನೀ ಅಂಜಿದರೆ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ ಅಂದರು. ಈ ಕಷ್ಟವೆಲ್ಲ ನನಗಾಗಿ, ನನ್ನ ದುಃಖ ಮರೆಸಲು ಅಂತ ನಾನು ತಿಳಿದೆ. ಹಾಗೆ ತಿಳಿದದ್ದು ಒಂದು ತಪ್ಪು.

ನಿಪ್ಪಾಣಿಗೆ ಹೋಗಿ ಪ್ಯಾಂಟು ಅಳತೆ ಕೊಟ್ಟು ಬಂದರು. ಹುಟ್ಟಿದಾಗಿನಿಂದ ಪಾಯಜಾಮಾ ಹಾಕಿದ ಮನುಷ್ಯ. ಮೇಲೆ ಗಾಳಿ ಜೋರು, ಪಾಯಜಾಮಾ ಪಟಪಟ ಅಂದರೆ ಮಂದಿ ನಗುತ್ತಾರೆ ಅಂದರು. ನಾನು ಎರಡು ದಿನ ನಕ್ಕೆ.

ಆಮೇಲೆ ಮುಂಬಯಿಯ ಸೋದರಮಾವನಿಗೆ ಕಾರ್ಡು ಬರೆದರು. ಕಾರ್ಡನ್ನು ಪೋಸ್ಟಿನವರು, ಅಂಗಡಿಯವರು, ಎಲ್ಲರೂ ಓದುತ್ತಾರೆ. ಮೂವತ್ತು ದಾಟಿದ ಗಂಡ ಹೆಂಡತಿ ಆಟ ಆಡಲು ಬರುತ್ತೇವೆ ಅಂತ ಬರೆಯಲು ನಾಚಿಕೆ. ಹೀಗಾಗಿ ಒಂದೇ ಸಾಲು: ಮೇ ತಿಂಗಳಲ್ಲಿ ನಾವಿಬ್ಬರೂ ಪಾಳಣಾಕ್ಕಾಗಿ ಬರುತ್ತೇವೆ. ಬರೆದದ್ದನ್ನು ನನಗೆ ಓದಿ ಹೇಳಿದರು. ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಮುಂಬಯಿಯಲ್ಲಿ ಅದನ್ನು ಓದಿದ ಮಾಮಿ, ಆ ಮಾವನ ಹೆಂಡತಿ, ಬೇರೆ ತಿಳಿದರು. ಎಂಟು ವರ್ಷದ ಮೇಲೆ ಈ ಮನೆಯಲ್ಲಿ ಬಸಿರಾಗಿದೆ, ತೊಟ್ಟಿಲು ಕೊಳ್ಳಲು ಬರುತ್ತಿದ್ದಾರೆ! ಪಾಪ, ಹಿರಿ ಹಿರಿ ಹಿಗ್ಗಿ ಕೂಸಿಗೆ ಒಂದು ಕುಂಚಿಗೆ ಹೊಲಿದು, ಊರಿಗೆ ಬರುವವರ ಕೈಯಲ್ಲಿ ಅತ್ತೆಗೆ ಕಳಿಸಿಕೊಟ್ಟರು. ತೊಟ್ಟಿಲು ಕೊಳ್ಳಬೇಡಿ, ನಾವೇ ಕೊಡುತ್ತೇವೆ ಅಂತಲೂ ಹೇಳಿ ಕಳಿಸಿದರು. ನಾನು ಸಾಲೆಯಲ್ಲಿದ್ದೆ, ಯಜಮಾನರು ಲೂಮಿನಲ್ಲಿದ್ದರು. ಅತ್ತೆ ಕುಂಚಿಗೆ ಇಸಿದುಕೊಂಡು ಅಡಗಿಸಿಟ್ಟರು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಎರಡು ಸಲ ಹೋದದ್ದಕ್ಕೆ ಅಂಜಿ ನಾವು ಮುಚ್ಚಿಟ್ಟಿದ್ದೇವೆ ಅಂತ ತಿಳಿದರು. ಕೇಳಿದರೆ ದೃಷ್ಟಿ ತಾಗುತ್ತದೆ ಅಂತ ಸುಮ್ಮನಾದರು.

ಮರುದಿನದಿಂದ ಅತ್ತೆ ಬೇರೆಯೇ ಆದರು. ನನ್ನ ಕೈಯಿಂದ ಕೊಡ ಕಸಿದುಕೊಂಡರು. ರೊಟ್ಟಿಯ ಮೇಲೆ ಬೆಣ್ಣೆ ಹಾಕಿದರು. ಸಾಲೆಯಿಂದ ಬಂದರೆ ಕಾಲು ಚಾಚಿ ಕೂಡು ತಂಗಿ ಅನ್ನುತ್ತಿದ್ದರು. ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚಿದರು. ಆ ಕೈ ತಲೆಯ ಮೇಲೆ ಬಿದ್ದಾಗ ನನಗೆ ಅಳು ಬಂದುಬಿಟ್ಟಿತು. ಕೂಸಿಲ್ಲದಿದ್ದರೂ ಸೊಸೆ ಸೊಸೆಯೇ ಅಂತ ಕೊನೆಗೂ ಅವರ ಮನಸ್ಸಿಗೆ ಬಂತಲ್ಲ ಅಂದುಕೊಂಡೆ. ಎಂಟು ದಿನ ನಾನು ಆ ಮನೆಯ ಮಗಳಾಗಿದ್ದೆ.

ಒಂಬತ್ತನೆಯ ದಿನ ಶುಕ್ರವಾರ. ಸಾಲೆಯಿಂದ ಬಂದರೆ ನಡುಮನೆಯಲ್ಲಿ ಓಣಿಯ ಐದು ಮಂದಿ ಮುತ್ತೈದೆಯರು ಕೂತಿದ್ದರು. ಮಣೆ, ಹಸಿರು ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು. ನನಗೆ ನೋಡಿದ ಕೂಡಲೇ ತಿಳಿಯಿತು. ಅದು ಕಳ್ಳ ಕುಬಸ. ಮೂರು ತಿಂಗಳ ಬಸುರಿಗೆ ಊರಿಗೆ ಸುದ್ದಿ ಮಾಡದೆ ಉಡಿ ತುಂಬುವ ಕಾರ್ಯ. ಅತ್ತೆ ನನ್ನ ಕೈ ಹಿಡಿದು ಮಣೆಯ ಮೇಲೆ ಕೂರಿಸಲು ಬಂದರು.

"ಬಾಯಿ ಬಿಟ್ಟ ಹೇಳಬ್ಯಾಡ ತಂಗಿ. ನನಗೆಲ್ಲಾ ಗೊತ್ತೈತಿ" ಅಂದು ಕುಂಚಿಗೆಯನ್ನು ನನ್ನ ಕೈಯಲ್ಲಿಟ್ಟರು. ಕೆಂಪು ಬಟ್ಟೆಗೆ ಹಳದಿ ಗೊಂಡೆ.

"ಅತ್ತಿ, ನನಗೇನೂ ಇಲ್ರಿ" ಅಂದೆ.

ಅವರು ನಗುತ್ತಲೇ ಇದ್ದರು. ನಾನು ಇನ್ನೊಮ್ಮೆ ಹೇಳಬೇಕಾಯಿತು. ಆಗ ಆ ಹೆಂಗಸರ ಮುಖ ನೋಡಲು ಆಗಲಿಲ್ಲ. ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಹೋದರು. ಹೋಗುವಾಗ ಕುಂಕುಮ ಕೊಡಬೇಕೋ ಬೇಡವೋ ಅಂತ ಕೂಡ ಯಾರಿಗೂ ತಿಳಿಯಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ಅಷ್ಟರಲ್ಲಿ ಯಜಮಾನರು ಬಂದರು. ಕಾರ್ಡಿನ ಕತೆ ಬಿಚ್ಚಿಕೊಂಡಿತು.

ನನಗೆ ಬಂದ ಸಿಟ್ಟು ಅತ್ತೆಯ ಮೇಲೆ. ಆ ಬೆಣ್ಣೆ, ಆ ಎಣ್ಣೆ, ಆ ತಂಗಿ ಅನ್ನುವ ಮಾತು, ಯಾವುದೂ ನನ್ನದಾಗಿರಲಿಲ್ಲ! ಇಲ್ಲದ ಕೂಸಿನ ಉಪಚಾರ ನಾನು ಉಂಡಿದ್ದೆ. ಆದರೆ ಅತ್ತೆಯ ಮೇಲೆ ಸಿಟ್ಟು ಹರಿಬಿಡಲು ಆಗಲಿಲ್ಲ, ಆ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಹೀಗಾಗಿ ಎಲ್ಲ ಯಜಮಾನರ ಮೇಲೆ ಬಿತ್ತು. ನಿಮ್ಮ ಪಾಳಣಾ ಬೆಂಕಿಗೆ ಹಾಕಿರಿ, ನನಗೆ ಸಮಾಧಾನ ಮಾಡುವ ಕೆಲಸ ಇವತ್ತಿಗೆ ಬಿಡಿರಿ, ನಾನೇನು ಅಳುವ ಕೂಸಲ್ಲ ಅಂದೆ. ಓಣಿಗೆಲ್ಲ ಕೇಳುವ ಹಾಗೆ ಅಂದೆ.

ಅವರು ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿ ಇಟ್ಟರು. ಆಮೇಲೆ ಮೆಲ್ಲಗೆ, "ನಿನ್ನ ಸಮಾಧಾನಕ್ಕಂತ ಅಲ್ಲ. ನನಗ ಹೋಗಬೇಕಂತ ಐತಿ" ಅಂದರು.

ಅದೂ ನನ್ನನ್ನು ಒಲಿಸುವ ಹೂಟ ಅಂದುಕೊಂಡೆ. ನಾಲ್ಕು ದಿನ ಬಿಟ್ಟು ಅತ್ತೆಯೇ ಬಂದು, ತಪ್ಪು ನನ್ನದು ತಂಗಿ, ನೀವು ಹೋಗಿ ಬರ್ರಿ ಅಂದರು. ನಾನು ಆ ಕಡೆ ಮುಖ ಮಾಡಿ ಕೂತೆ. ಅವರಿಂದಲೇ ಕಲಿತದ್ದು.

ಅದಾಗಿ ನಾಲ್ಕು ವರ್ಷಕ್ಕೆ ಯಜಮಾನರು ತೀರಿಕೊಂಡರು. ಎದೆ ಹಿಡಿದುಕೊಂಡು ಲೂಮಿನ ಪಕ್ಕದಲ್ಲೇ ಕುಸಿದರಂತೆ. ಲೂಮಿನವರು ಕಿಸೆಯಲ್ಲಿದ್ದ ಸಾಮಾನನ್ನು ಒಂದು ಕರವಸ್ತ್ರದಲ್ಲಿ ಕಟ್ಟಿ ತಂದುಕೊಟ್ಟರು. ಅದರಲ್ಲಿ ಆ ಪೇಪರಿನ ತುಂಡು ಇತ್ತು. ಮಡಿಕೆ ಮಡಿಕೆಯಲ್ಲಿ ಹರಿದು ನಾಲ್ಕಾಗಿತ್ತು. ನಾಲ್ಕು ವರ್ಷ ಅವರು ಅದರ ಸುದ್ದಿ ತೆಗೆದಿರಲಿಲ್ಲ. ಟಾಕಿಯ ಏಣಿಯನ್ನೂ ಮತ್ತೆ ಏರಲಿಲ್ಲ.

ಆದರೆ ನನಗೆ ಸತ್ಯ ಗೊತ್ತಾದದ್ದು ಆ ತುಂಡು ನೋಡಿ ಅಲ್ಲ. ಅದಕ್ಕೂ ಮೊದಲೇ ಗೊತ್ತಾಗಿತ್ತು. ಗೊತ್ತಾದ ದಿನ ಯಾವುದೆಂದರೆ ಅದೇ ಮೇ ತಿಂಗಳು, ನಾವು ಹೊರಡಬೇಕೆಂದು ಗೊತ್ತು ಮಾಡಿಕೊಂಡಿದ್ದ ಸೋಮವಾರ. ಬೆಳಗ್ಗೆ ಎದ್ದು ನೋಡಿದರೆ ಅವರು ಜಳಕ ಮಾಡಿ, ತಲೆ ಬಾಚಿ, ಆ ಬೂದು ಪ್ಯಾಂಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ಚೀಲ ಇರಲಿಲ್ಲ. ಮಡಿಕೆ ಕೆಡದ ಹಾಗೆ ಮೊಣಕಾಲ ಹತ್ತಿರ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. ಎಸ್‌ಟಿ ಬರಲು ಇನ್ನೂ ಅರ್ಧ ತಾಸು ಇತ್ತು. ಆಗ ತಿಳಿಯಿತು ನನಗೆ. ಈ ಮನುಷ್ಯನಿಗೆ ನಿಜವಾಗಿ ಆಸೆ ಇತ್ತು. ಅಂಜುತ್ತ ಅಂಜುತ್ತ ಏಣಿ ಏರಿದ್ದು ತನಗೆ ಬೇಕೆಂದೇ. ಹೋದ ಆ ಎರಡು ಕೂಸುಗಳು ಇವರವೂ ಆಗಿದ್ದವು, ಒಬ್ಬರಾದರೂ ಇವರನ್ನು ಒಮ್ಮೆ ಕೇಳಿದ್ದೆವೇ?

ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ತಿರುಗಿ ನನ್ನನ್ನು ನೋಡಿದರು. ನಡೀರಿ, ಹೋಗೂಣ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಸೀರೆ ಉಟ್ಟುಕೊಳ್ಳಲು ಹೊತ್ತಿತ್ತು.

"ಚಾ ಮಾಡ್ಲೇನ್ರಿ?" ಅಂದೆ.

"ಹೂಂ, ಮಾಡು" ಅಂದರು.

ಓಣಿಯ ತುದಿಯಲ್ಲಿ ಎಸ್‌ಟಿ ಬಂದು ನಿಂತದ್ದು, ಮತ್ತೆ ಹೊರಟದ್ದು ಕೇಳಿಸಿತು. ಅವರು ಚಾ ಕುಡಿದು ಕಪ್ಪು ಕೆಳಗಿಟ್ಟರು. ಒಳಗೆ ಹೋಗಿ ಪ್ಯಾಂಟು ಬಿಚ್ಚಿ, ಮಡಿಕೆಗೆ ಮಡಿಕೆ ಕೂಡಿಸಿ ಮಡಚಿಟ್ಟು, ಪಾಯಜಾಮಾ ಹಾಕಿಕೊಂಡು ಲೂಮಿಗೆ ಹೋದರು.