ಕ್ಯಾಸೆಟ್ಟಿನ ಹಾಡುಗಾರ್ತಿ ಗಾಣದ ಬಾಗಿಲಿಗೆ ಬಂದದ್ದು

ನಮ್ಮ ಮೊಕ್‌ಪೊ ಪೇಟೆಗೆ ಎಳ್ಳೆಣ್ಣೆ ಆಡಿಸಲು ಬರುವವರು ಕೊನೆಯ ತೊಟ್ಟು ಬೀಳುವವರೆಗೂ ಗಾಣದ ಪಕ್ಕದಿಂದ ಕದಲುವುದಿಲ್ಲ. ತಮ್ಮ ಎಳ್ಳನ್ನು ಪಕ್ಕಕ್ಕಿಟ್ಟು ಚೀನಾದ ಎಳ್ಳು ಸುರಿದುಬಿಟ್ಟರೆ? ಹುರಿಯುವಾಗ ಒಂದು ಬೊಗಸೆ ಹಾರಿಸಿದರೆ? ಹೊಗೆಗೆ ಕಣ್ಣಲ್ಲಿ ನೀರು ಸುರಿದರೂ ನಿಂತೇ ಇರುತ್ತಾರೆ. ಇಂಥವರ ನಡುವೆ ಇಪ್ಪತ್ತೈದು ವರ್ಷ ಗಾಣ ನಡೆಸಿದ ಮಾ ಪಿಲ್‌ಸುನ್, ಅಂದರೆ ನಮ್ಮ ಪಿಲ್‌ಸುನಕ್ಕ, ತಾನೂ ಯಾರನ್ನೂ ನಂಬುತ್ತಿರಲಿಲ್ಲ. ನನ್ನದು ಪಕ್ಕದ ಒಣಮೀನಿನ ಅಂಗಡಿ. ನಾನು ಕೊಟ್ಟ ಮೀನನ್ನೂ ಅವಳು ಮೂಸಿ ನೋಡದೆ ಚೀಲಕ್ಕೆ ಹಾಕಿದ್ದಿಲ್ಲ.

ಅವಳು ಕಣ್ಣುಮುಚ್ಚಿ ನಂಬಿದ್ದು ಒಂದು ಕ್ಯಾಸೆಟ್ಟನ್ನು ಮಾತ್ರ. ಅದರಲ್ಲಿದ್ದದ್ದು ಓಕ್ ಚುವೊಲ್ ಎಂಬ ಹೆಂಗಸಿನ ಪನ್ಸೋರಿ: ಒಬ್ಬರು ಕಥೆ ಹಾಡುವುದು, ಒಬ್ಬರು ಡೋಲು ಬಾರಿಸುತ್ತ ನಡುನಡುವೆ 'ಓಲ್ಸು!' ಎಂದು ಹುರಿದುಂಬಿಸುವುದು, ಅಷ್ಟೇ. ಹುಡುಗಿಯಾಗಿದ್ದಾಗ ಪಿಲ್‌ಸುನಕ್ಕನಿಗೆ ಹಾಡು ಕಲಿಯುವ ಹುಚ್ಚು. 'ಹಾಡುಗಾರ್ತಿ ಆಗ್ತೀಯಾ?' ಎಂದು ಅವಳಪ್ಪ ಪೊರಕೆ ತಗೊಂಡು ಬಾರಿಸಿದ್ದನಂತೆ. ಮದುವೆಯಾಗಿ ಬಂದ ವರ್ಷವೇ ಗಂಡ ಗಾಣವನ್ನು ಅವಳ ತಲೆಗೆ ಕಟ್ಟಿ ತಾನು ಚದುರಂಗದ ಮಣೆ ಮುಂದೆ ಕೂತ. ಆಗ ಅವಳು ಆ ಕ್ಯಾಸೆಟ್ಟು ಕೊಂಡಳು. ಗಾಣದ ಸದ್ದಿನ ಮೇಲೆ ಗಂಟಲು ಎತ್ತಿ ಹಾಡಿ ಹಾಡಿ, ಆ ಒಂದು ಕಥೆಯನ್ನು ಪೂರ್ತಿ ಕಲಿತಳು. ಪೇಟೆಯಲ್ಲಿ ಯಾರಿಗೆ ಅರವತ್ತು ತುಂಬಿದರೂ ಊಟದ ದಿನ ಅವಳದೇ ಹಾಡು.

ಆ ಕಥೆಯಲ್ಲಿ ಗಂಡನ ದೋಣಿ ಮರೆಯಾಗುವ ಕಡೆ ಒಂದು ಉದ್ದನೆಯ ಸಾಲಿದೆ. ಕ್ಯಾಸೆಟ್ಟಿನಲ್ಲಿ ಓಕ್ ಚುವೊಲ್ ಅದನ್ನು ಒಂದೇ ಉಸಿರಿಗೆ ಹಾಡುತ್ತಾಳೆ. ಪಿಲ್‌ಸುನಕ್ಕನಿಗೆ ಅದು ದಕ್ಕಲು ಆರು ವರ್ಷ ಬೇಕಾಯಿತು. ಒಂದು ಸಲ ಕಣ್ಣು ಕತ್ತಲೆ ಬಂದು ಹಿಂಡಿಯ ರಾಶಿ ಮೇಲೆ ಬಿದ್ದಿದ್ದಳು.

ಒಂದು ಶರತ್ಕಾಲದ ಮಧ್ಯಾಹ್ನ, ಎಪ್ಪತ್ತರ ಹತ್ತಿರದ ಒಬ್ಬ ಅಜ್ಜಿ ಸಣ್ಣ ಎಳ್ಳಿನ ಗಂಟು ಹಿಡಿದು ಬಂದಳು. ಎಳ್ಳು ಕೊಡಲಿಲ್ಲ, ಪಿಲ್‌ಸುನಕ್ಕ ಹಾಡುತ್ತಿದ್ದ ಹಾಡು ಮುಗಿಯುವವರೆಗೂ ನಿಂತಳು.

"ಯಾರ ಹತ್ರ ಕಲಿತೆ?" ಎಂದಳು. ದನಿ ಒಡೆದ ಮಡಕೆ.

ಪಿಲ್‌ಸುನಕ್ಕ ಕ್ಯಾಸೆಟ್ಟಿನ ಡಬ್ಬಿ ತೋರಿಸಿದಳು.

"ಅದು ನಾನೇ."

"ಹೌದಾ ಅಜ್ಜಿ? ಹಾಗಾದ್ರೆ ನಾನು ರಾಷ್ಟ್ರಪತಿ ಹೆಂಡ್ತಿ."

ನಗಬೇಡಿ. ಅದಕ್ಕೆ ತಿಂಗಳ ಹಿಂದಷ್ಟೇ ಟಿವಿಯ ಡಾಕ್ಟರು ನಾನೇ ಎಂದು ಒಬ್ಬ ಬಂದು, ಜಿನ್ಸೆಂಗ್ ಬೇರು ಅಂತ ಇಡೀ ಪೇಟೆಗೆ ಒಣಗಿದ ಮೂಲಂಗಿ ತಿನ್ನಿಸಿ ಹೋಗಿದ್ದ. ಡಬ್ಬಿಯ ಮೇಲಿನ ಫೋಟೋ ನೋಡಿದರೆ ಅದರಲ್ಲಿ ಹಾಡುಗಾರ್ತಿಯ ಅರ್ಧ ಮುಖಕ್ಕೆ ಬೀಸಣಿಗೆ ಅಡ್ಡ.

"ಒಂದು ಸಾಲು ಹಾಡಿ ನೋಡೋಣ," ಎಂದಳು ಪಿಲ್‌ಸುನಕ್ಕ.

"ಗಂಟಲು ಹೋಗಿ ಹದಿನೈದು ವರ್ಷ ಆಯ್ತು."

"ಎಷ್ಟು ಅನುಕೂಲ ನೋಡಿ!"

"ಆ ಕ್ಯಾಸೆಟ್ಟು ಒಂದ್ಸಲ ಕೊಡ್ತೀಯಾ?"

"ಬಂತು ನೋಡು ಅಸಲಿ ವಿಷಯ!" ಪಿಲ್‌ಸುನಕ್ಕ ಕ್ಯಾಸೆಟ್ಟನ್ನು ರವಿಕೆಯೊಳಗೆ ತುರುಕಿಕೊಂಡು ನನಗೆ ಕಣ್ಸನ್ನೆ ಮಾಡಿದಳು. ನಾನು ಮೀನಿನ ಕತ್ತರಿ ಕೈಯಲ್ಲಿದ್ದಂತೆಯೇ ಬಂದು ಬಾಗಿಲಿಗೆ ಅಡ್ಡ ನಿಂತೆ. ಹಳೆಯ ಕ್ಯಾಸೆಟ್ಟುಗಳಿಗೆ ರಾಜಧಾನಿ ಸಿಯೋಲ್‌ನಲ್ಲಿ ಗಿರಾಕಿ ಇದ್ದಾರೆಂದು ಕೇಳಿದ್ದೆವು.

ಅಜ್ಜಿ ಸಿಟ್ಟಾಗಲಿಲ್ಲ. ಒಂದು ಎಣ್ಣೆ ಡಬ್ಬ ಬೋರಲು ಹಾಕಿ ಕೂತು, ಹುರಿಯುವ ಮರದ ಸೌಟು ಎತ್ತಿಕೊಂಡಳು. "ಕೊಡಬೇಡ. ದೋಣಿ ಹೋಗೋ ಕಡೆಯಿಂದ ಹಾಡು."

ಡಬ್ಬದ ಮೇಲೆ ತಾಳ ಬಿತ್ತು. ಬೇಡಬೇಡವೆಂದರೂ ಪಿಲ್‌ಸುನಕ್ಕನ ಬಾಯಿ ತೆರೆಯಿತು. ಆ ಉದ್ದ ಸಾಲು ಬಂದಾಗ ಮುಖ ಕೆಂಪಾಗಿ, ಕತ್ತಿನ ನರ ಹುರಿಗಟ್ಟಿತು. ಸೌಟು ನಿಂತಿತು.

"ಅಲ್ಲಿ ಉಸಿರು ತಗೊ. ಸತ್ತೀಯ."

"ಕ್ಯಾಸೆಟ್ಟಲ್ಲಿ ತಗೊಂಡಿಲ್ಲ."

"ತಗೊಂಡಿದ್ದೆ ಮಗಳೇ. ಕೆಮ್ಮು ಬಂತು, ನಿಲ್ಲಿಸಿ ನೀರು ಕುಡಿದೆ. ಆಮೇಲೆ ಮಿಕ್ಕದ್ದು ಹಾಡಿದೆ. ರೆಕಾರ್ಡಿಂಗಿನವನು ಟೇಪು ಕತ್ತರಿಸಿ ಎರಡನ್ನೂ ಅಂಟಿಸಿದ."

ಪಿಲ್‌ಸುನಕ್ಕ ಕೆಂಡವಾದಳು. "ನನ್ನ ಓಕ್ ಚುವೊಲ್ ಅಂಥ ಕಳ್ಳಾಟ ಆಡೋಳಲ್ಲ! ನಡೀರಿ ಆಚೆ!"

ಅಜ್ಜಿ ಏಳಲಿಲ್ಲ. ತಾನು ಕ್ಯಾಸೆಟ್ಟು ಬೇಕೆಂದದ್ದು ಏಕೆಂದು ಹೇಳಿದಳು. ಡೋಲು ಬಾರಿಸಿದವನು ಪ್ಯೊ ಸಾಂಗ್‌ದೊ. ಹದಿನಾಲ್ಕು ವರ್ಷ ಊರೂರು ಸುತ್ತಿದ ಜೋಡಿ. ಹಾಡು ಹೊರಬಂದ ಮೇಲೆ ಒಂದೇ ಒಂದು ಸಲ ರೇಡಿಯೋದಲ್ಲಿ ಕೇಳಿದಳು. ಆ ಸಾಲಿನಲ್ಲಿ ಡೋಲು ಮುಂದಕ್ಕೆ ಹಾರಿದಂತಿತ್ತು. ಬೇಕೆಂದೇ ಅವಸರ ಮಾಡಿ ನನ್ನ ಹಾಡು ಕೆಡಿಸಿದ ಎಂದು ಇವಳ ಗುಮಾನಿ. ಅವನು 'ನಾನಲ್ಲ, ಕತ್ತರಿ ಕೆಲಸ' ಎಂದ. ಟೇಪು ಅಂಟಿಸಿದ್ದು ಗೊತ್ತಿದ್ದರೂ, ಅದರಿಂದ ಡೋಲು ಹಾರುತ್ತದೆಂದು ಇವಳು ನಂಬಲಿಲ್ಲ. ಮತ್ತೆ ಅವನ ಜೊತೆ ಹಾಡಲಿಲ್ಲ. ಸಿಟ್ಟಿಗೆ ತನ್ನ ಕ್ಯಾಸೆಟ್ಟನ್ನು ತಾನೇ ಮನೆಯಲ್ಲಿಟ್ಟುಕೊಳ್ಳಲಿಲ್ಲ. ಈಗ ಅವನು ಹೇಳಿದ್ದು ನಿಜವೋ ಸುಳ್ಳೋ ಎಂದು ಒಮ್ಮೆ ಕೇಳಿ ನೋಡಬೇಕಿತ್ತು.

"ಕತ್ತರಿ ಬಿದ್ದಿದ್ರೆ ಕಿವಿಗೆ ಗೊತ್ತಾಗುತ್ತೆ," ಎಂದಳು ಪಿಲ್‌ಸುನಕ್ಕ, ಮೆಲ್ಲಗೆ. ಆ ಸಾಲಿಗೆ ಆರು ವರ್ಷ ಒದ್ದಾಡಿದವಳಿಗೆ ಏನೋ ಚುಚ್ಚಿತ್ತು. ಗಾಣ ನಿಲ್ಲಿಸಿದಳು. ಎಳ್ಳು ತಂದ ಹೆಂಗಸರು ಗೊಣಗಿದರೆ, "ನಿಮ್ಮೆಳ್ಳು ಎಲ್ಲೂ ಓಡಲ್ಲ, ಬಾಯಿ ಮುಚ್ಚಿ," ಎಂದು ಗದರಿದಳು. ರವಿಕೆಯಿಂದ ಕ್ಯಾಸೆಟ್ಟು ತೆಗೆದು ಟೇಪ್‌ರೆಕಾರ್ಡರಿಗೆ ಹಾಕಿದಳು.

ಐದು ಸಲ ಹಿಂದಕ್ಕೆ ಸುತ್ತಿ ಕೇಳಿದೆವು. ಐದನೆಯ ಸಲ ನನ್ನ ಮೀನುಮಾರುವ ಕಿವಿಗೂ ತಿಳಿಯಿತು. ಡೋಲಿನ ಒಂದು ಪೆಟ್ಟು ಬೀಳುತ್ತದೆ, ಅದರ ಗುಂಯ್ ಎಂಬ ಸದ್ದು ಮುಗಿಯುವ ಮೊದಲೇ ಯಾರೋ ಕೊಯ್ದಂತೆ ಕಡಿದುಹೋಗುತ್ತದೆ, ಮುಂದಿನ ಪೆಟ್ಟು ಅದರ ಬೆನ್ನೇರಿ ಬರುತ್ತದೆ. ಯಾವ ಕೈಯೂ ಹಾಗೆ ಬಾರಿಸಲಾರದು.

ಪಿಲ್‌ಸುನಕ್ಕ ಕೈ ಒರೆಸಿಕೊಂಡು, ಎಣ್ಣೆ ಜಿಡ್ಡಿನ ನೆಲದ ಮೇಲೇ ಹಣೆಯಿಟ್ಟು ಅಜ್ಜಿಗೆ ನಮಸ್ಕರಿಸಿದಳು. ಓಕ್ ಚುವೊಲ್ ಅದನ್ನು ನೋಡಲೇ ಇಲ್ಲ. "ಅವನು ನಿಜ ಹೇಳಿದ್ದ," ಎಂದು ಡಬ್ಬದ ಮೇಲೆ ಹಾಗೇ ಕೂತಿದ್ದಳು.

ಸಾಂಗ್‌ದೊ ಪಕ್ಕದ ಯೋಂಗಾಮ್ ಊರಿನಲ್ಲಿ ಮಗನ ಮನೆಯಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವನಿಗೆ ಕೇಳಿಸಲು ಕ್ಯಾಸೆಟ್ಟನ್ನು ಒಂದು ದಿನದ ಮಟ್ಟಿಗೆ ಕೊಡು ಎಂದಳು. ನಮಸ್ಕಾರ ಮಾಡಿದ ಮೇಲೂ ಪಿಲ್‌ಸುನಕ್ಕ ಪಿಲ್‌ಸುನಕ್ಕನೇ. "ಕ್ಯಾಸೆಟ್ಟು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ನಾನೂ ಬರ್ತೀನಿ," ಎಂದಳು. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದಳು.

ಮುದುಕ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ. ಓಕ್ ಚುವೊಲ್‌ಳನ್ನು ನೋಡಿ ಮುಖ ಗಂಟಿಕ್ಕಿದ. "ಈಗ್ಯಾಕೆ ಬಂದೆ? ಯಾರು ಸತ್ರು?"

ಅವನ ಕಿವಿ ಪೂರ್ತಿ ಹೋಗಿತ್ತು. ಹೊತ್ತು ತಂದ ಟೇಪ್‌ರೆಕಾರ್ಡರಿಗೂ ಅಂಗಳದ ಕಲ್ಲಿಗೂ ಅವನ ಪಾಲಿಗೆ ವ್ಯತ್ಯಾಸವಿರಲಿಲ್ಲ. ಕೊನೆಗೆ ಓಕ್ ಚುವೊಲ್ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆದಳು: 'ಕತ್ತರಿಯೇ. ನೀನಲ್ಲ.'

ಅವನು ಕಾಗದವನ್ನು ದೂರ ಹಿಡಿದು ಓದಿದ. ಹತ್ತಿರ ತಂದು ಓದಿದ. "ಇಷ್ಟು ಬರೆಯೋಕೆ ಇಪ್ಪತ್ತಾರು ವರ್ಷ ಬೇಕಾಯ್ತಾ? ಅಕ್ಷರ ಮರೆತುಹೋಗಿತ್ತಾ?" ಎಂದ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಬಹಳ ಹೊತ್ತು ಮೆಣಸಿನಕಾಯಿ ಸರಿಮಾಡಿದ. ಓಕ್ ಚುವೊಲ್ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ತಾನೂ ಸರಿಮಾಡಿದಳು. ಹರವುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಊಟವಾದ ಮೇಲೆ ಅವನೇ ಡೋಲು ತೆಗೆದ. ಪಿಲ್‌ಸುನಕ್ಕ ಹಾಡಿದಳು. ಅವನು ಅವಳ ಭುಜವನ್ನೇ ನೋಡುತ್ತ ಬಾರಿಸಿದ. ಉದ್ದ ಸಾಲಿನ ನಡುವೆ ಭುಜ ಮೇಲೆದ್ದಾಗ ಡೋಲು ತಡೆದು ನಿಂತಿತು, ಉಸಿರು ಒಳಗೆ ಹೋದ ಮೇಲೆ ಪೆಟ್ಟು ಬಿತ್ತು. "ಓಲ್ಸು!" ಎಂದು ಅವನು ಕೂಗಿದ್ದಕ್ಕೆ ಅಂಗಳದ ಕೋಳಿಗಳು ಚೆದುರಿದವು.

ಆ ಚಳಿಗಾಲ ಅರವತ್ತರ ಊಟವೊಂದರಲ್ಲಿ ಪಿಲ್‌ಸುನಕ್ಕ ಆ ಸಾಲನ್ನು ಉಸಿರು ತಗೊಂಡು ಹಾಡಿದಾಗ, "ಪಾಪ, ವಯಸ್ಸಾಯ್ತು," ಎಂದು ಜನ ಮಾತಾಡಿಕೊಂಡರು. ಓಕ್ ಚುವೊಲ್ ವಾರಕ್ಕೊಮ್ಮೆ ಗಾಣಕ್ಕೆ ಬಂದು, ಯಾವ ಕ್ಯಾಸೆಟ್ಟಿನಲ್ಲೂ ಇಲ್ಲದ ಮೂರು ಕಥೆಗಳನ್ನು ಬೈದು ಬೈದು ಕಲಿಸತೊಡಗಿದಳು. ಎರಡು ಮುಗಿದವು. ಮೂರನೆಯದು ಅರ್ಧವಾಗಿದ್ದಾಗ ಮೊಣಕಾಲು ಕೈಕೊಟ್ಟು ಬೂಸಾನಿನ ಮಗಳ ಮನೆ ಸೇರಿದಳು. ಮಿಕ್ಕರ್ಧ ಕಲಿಯಲು ಪಿಲ್‌ಸುನಕ್ಕ ಮೊನ್ನೆ ಬಸ್ಸು ಹತ್ತಿದ್ದಾಳೆ. ಅವಳ ಗಂಡ ಚದುರಂಗದ ಮಣೆ ಮಡಚಿಟ್ಟು ಗಾಣ ನೋಡಿಕೊಳ್ಳುತ್ತಿದ್ದಾನೆ. ಎಳ್ಳು ಚೂರು ಸೀದಿದೆ.